ಲಸಿಕೆ, ಬಿಸಿಲು, ಲೆಕ್ಕ: ಒಂದು ಆರೋಗ್ಯ ಕೇಂದ್ರದಲ್ಲಿ ಕೂಡುವ ಮೂರು ಶಾಸ್ತ್ರಗಳು

ವೈದ್ಯಕೀಯ, ಸೌರಶಕ್ತಿ ಮತ್ತು ಮಾಹಿತಿ ವ್ಯವಸ್ಥೆ ಎಂಬ ಮೂರು ವಿಷಯಗಳು ವಿಶ್ವವಿದ್ಯಾಲಯಗಳಲ್ಲಿ ಮೂರು ಬೇರೆ ಬೇರೆ ವಿಭಾಗಗಳಿಗೆ ಸೇರಿದವು; ಅವುಗಳ ಪಠ್ಯಗಳು ಬೇರೆ, ಸಂಶೋಧನಾ ಪತ್ರಿಕೆಗಳು ಬೇರೆ, ಯಶಸ್ಸನ್ನು ಅಳೆಯುವ ಮಾನದಂಡಗಳೂ ಬೇರೆ. ವೈದ್ಯಕೀಯ ಸಂಶೋಧಕರು ಗುಣವಾದವರನ್ನೂ ಸತ್ತವರನ್ನೂ ಎಣಿಸುತ್ತಾರೆ, ಸೌರಶಕ್ತಿಯ ಎಂಜಿನಿಯರುಗಳು ವ್ಯಾಟುಗಳನ್ನೂ ಉಪಕರಣದ ಆಯುಷ್ಯವನ್ನೂ ಲೆಕ್ಕ ಹಾಕುತ್ತಾರೆ, ಮಾಹಿತಿ ವ್ಯವಸ್ಥೆಯನ್ನು ಅಧ್ಯಯನ ಮಾಡುವವರು ದತ್ತಾಂಶವು ಎಷ್ಟು ಬೇಗ, ಎಷ್ಟು ನಿಖರವಾಗಿ, ಯಾರ ಕೈಗೆ ತಲುಪಿತು ಎಂದು ವಿಚಾರಿಸುತ್ತಾರೆ. ಆದರೆ ವಿದ್ಯುತ್ ಪೂರೈಕೆ ನೆಚ್ಚುವಂತಿಲ್ಲದ ಒಂದು ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ ಈ ಮೂರೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿರುತ್ತವೆ. ಕಳೆದ ನಾಲ್ಕು ದಶಕಗಳಲ್ಲಿ ಇಂತಹ ಕೇಂದ್ರಗಳನ್ನು ಕುರಿತು ನಡೆದ ಸಂಶೋಧನೆಯನ್ನು ಒಟ್ಟಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಒಂದು ಶಾಸ್ತ್ರವು ತನ್ನ ಸಾಧನೆಯನ್ನು ಇನ್ನೊಂದು ಶಾಸ್ತ್ರದ ಅಳತೆಗೋಲಿಗೆ ಒಡ್ಡಿಕೊಂಡಾಗಲೇ ಇಲ್ಲಿ ನಿಜವಾದ ಮುನ್ನಡೆ ಸಾಧ್ಯವಾಗಿದೆ.

ಸಮಸ್ಯೆಯ ಗಾತ್ರ ಸಣ್ಣದಲ್ಲ. ಸಹಾರಾದ ದಕ್ಷಿಣಕ್ಕಿರುವ 11 ಆಫ್ರಿಕನ್ ದೇಶಗಳ ಮಾಹಿತಿಯನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು, ಅಲ್ಲಿನ ಆರೋಗ್ಯ ಕೇಂದ್ರಗಳಲ್ಲಿ ಸುಮಾರು ಕಾಲು ಭಾಗಕ್ಕೆ ವಿದ್ಯುತ್ತೇ ಇಲ್ಲವೆಂದೂ, ನೆಚ್ಚಬಹುದಾದ ವಿದ್ಯುತ್ ಇರುವುದು ಶೇ 28ರಷ್ಟು ಕೇಂದ್ರಗಳಿಗೆ ಮಾತ್ರವೆಂದೂ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಬ್ಯಾಂಕ್ ಮತ್ತಿತರ ಸಂಸ್ಥೆಗಳು 2023ರಲ್ಲಿ ಹೊರತಂದ ಜಂಟಿ ವರದಿಯ ಅಂದಾಜಿನಂತೆ, ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 100 ಕೋಟಿ ಜನರು ವಿದ್ಯುತ್ತೇ ಇಲ್ಲದ ಅಥವಾ ವಿದ್ಯುತ್ ಯಾವಾಗ ಹೋಗುತ್ತದೆಂದು ಹೇಳಲಾಗದ ಆರೋಗ್ಯ ಕೇಂದ್ರಗಳನ್ನೇ ಅವಲಂಬಿಸಿದ್ದಾರೆ. ಇಂತಹ ಕಡೆ ಹೆರಿಗೆ ಕೋಣೆಯ ದೀಪ, ನವಜಾತ ಶಿಶುವನ್ನು ಬೆಚ್ಚಗಿಡುವ ವಾರ್ಮರ್, ಆಮ್ಲಜನಕದ ಯಂತ್ರ ಎಲ್ಲವೂ ವಿದ್ಯುತ್ತನ್ನು ಕಾಯುತ್ತವೆ. ಆದರೆ ಈ ಕೊರತೆಯನ್ನು ಮೊದಲು ಗಂಭೀರ ಸಂಶೋಧನೆಯ ವಿಷಯವಾಗಿಸಿದ್ದು ಲಸಿಕೆ.

ತಂಪಿನ ಸರಪಳಿ

ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ಮಕ್ಕಳಿಗೂ ಲಸಿಕೆ ತಲುಪಿಸುವ ವಿಸ್ತೃತ ಕಾರ್ಯಕ್ರಮವನ್ನು 1974ರಲ್ಲಿ ಆರಂಭಿಸಿತು. ಭಾರತವು 1978ರಲ್ಲಿ ಆ ದಾರಿ ಹಿಡಿದು, 1985ರಲ್ಲಿ ಅದನ್ನು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಗಿ ರೂಪಿಸಿತು. ಲಸಿಕೆಗಳಲ್ಲಿ ಹೆಚ್ಚಿನವು ಪ್ರೋಟೀನುಗಳಿಂದ ಅಥವಾ ದುರ್ಬಲಗೊಳಿಸಿದ ಜೀವಾಣುಗಳಿಂದ ಆದ ಸೂಕ್ಷ್ಮ ವಸ್ತುಗಳಾದುದರಿಂದ, ಕಾರ್ಖಾನೆಯಿಂದ ಮಗುವಿನ ತೋಳಿನವರೆಗೆ ಅವು 2ರಿಂದ 8 ಡಿಗ್ರಿ ಸೆಲ್ಸಿಯಸ್‌ ನಡುವೆಯೇ ಇರಬೇಕು. ಈ ಉದ್ದನೆಯ ಪಯಣದಲ್ಲಿ ತಂಪನ್ನು ಕಾಯ್ದುಕೊಳ್ಳುವ ಶೀತಲ ಕೋಣೆಗಳು, ರೆಫ್ರಿಜರೇಟರುಗಳು, ಐಸ್‌ಪ್ಯಾಕ್ ಇಟ್ಟ ಪೆಟ್ಟಿಗೆಗಳು ಮತ್ತು ಅವನ್ನು ನೋಡಿಕೊಳ್ಳುವ ಸಿಬ್ಬಂದಿ ಸೇರಿದ ಒಟ್ಟು ವ್ಯವಸ್ಥೆಗೆ ಶೀತಲ ಸರಪಳಿ ಎಂದು ಹೆಸರು.

ಉಷ್ಣವಲಯದ ದೇಶಗಳಲ್ಲಿ ಲಸಿಕೆಗೆ ಶಾಖವೇ ಶತ್ರುವೆಂದು ಎಲ್ಲರೂ ಭಾವಿಸಿದ್ದು ಸಹಜ. ಆ ಶತ್ರುವನ್ನು ಪತ್ತೆಹಚ್ಚುವ ಒಂದು ಸರಳ ಸಾಧನ 1996ರಲ್ಲಿ ಪೋಲಿಯೊ ಹನಿಯ ಸೀಸೆಗಳ ಮೇಲೆ ಬಳಕೆಗೆ ಬಂತು. ಆರೋಗ್ಯ ಕಾರ್ಯಕರ್ತರು ವಿವಿಎಂ ಎಂದು ಕರೆಯುವ ಈ ಗುರುತು ಒಂದು ವೃತ್ತ ಮತ್ತು ಅದರೊಳಗಿನ ಒಂದು ಚೌಕ; ಚೌಕದಲ್ಲಿರುವ ರಾಸಾಯನಿಕವು ಶಾಖ ತಗುಲಿದಂತೆಲ್ಲ ಹಿಂದಿರುಗದ ರೀತಿಯಲ್ಲಿ ಕಪ್ಪಾಗುತ್ತ ಹೋಗುತ್ತದೆ, ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮನಾದರೆ ಅಥವಾ ಅದಕ್ಕಿಂತ ಗಾಢವಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ವಿದ್ಯುತ್ತನ್ನಾಗಲಿ ಕಂಪ್ಯೂಟರನ್ನಾಗಲಿ ಬೇಡದೆ, ಆ ಸೀಸೆ ಅದುವರೆಗೆ ಅನುಭವಿಸಿದ ಶಾಖದ ಒಟ್ಟು ಲೆಕ್ಕವನ್ನು ಅದರ ಮೈಮೇಲೆಯೇ ಬರೆದಿಡುವ ಇದನ್ನು ಅತ್ಯಂತ ಚಿಕ್ಕ ಮಾಹಿತಿ ವ್ಯವಸ್ಥೆ ಎಂದರೂ ತಪ್ಪಾಗದು. ಆದರೆ ಅದಕ್ಕೊಂದು ಮಿತಿಯಿತ್ತು: ಶಾಖವನ್ನು ನೆನಪಿಟ್ಟುಕೊಳ್ಳುವ ಈ ಗುರುತು ಅತಿಯಾದ ತಂಪನ್ನು ಗುರುತಿಸಲಾರದು.

ಆ ಮಿತಿ ಎಷ್ಟು ದೊಡ್ಡದೆಂಬುದು ನಿಧಾನವಾಗಿ ಬೆಳಕಿಗೆ ಬಂತು. ಧನುರ್ವಾಯು, ನಾಯಿಕೆಮ್ಮು, ಹೆಪಟೈಟಿಸ್ ಬಿ ಮುಂತಾದ ರೋಗಗಳ ವಿರುದ್ಧದ ಲಸಿಕೆಗಳಲ್ಲಿ ದೇಹದ ಪ್ರತಿಕ್ರಿಯೆಯನ್ನು ಹೆಚ್ಚಿಸಲೆಂದು ಅಲ್ಯೂಮಿನಿಯಂ ಲವಣದ ಸೂಕ್ಷ್ಮ ಕಣಗಳನ್ನು ಸೇರಿಸಿರುತ್ತಾರೆ. ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಈ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟುಕಟ್ಟುತ್ತವೆ, ಮತ್ತೆ ಕರಗಿಸಿದರೂ ಹಿಂದಿನ ಸ್ಥಿತಿಗೆ ಬರುವುದಿಲ್ಲ, ಲಸಿಕೆಯ ಶಕ್ತಿ ಕುಂದುತ್ತದೆ. ಸಂಶಯ ಬಂದ ಸೀಸೆಯನ್ನೂ ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಇನ್ನೊಂದು ಸೀಸೆಯನ್ನೂ ಒಟ್ಟಿಗೆ ಅಲುಗಾಡಿಸಿ ಪಕ್ಕಪಕ್ಕದಲ್ಲಿಟ್ಟು, ಯಾವುದರಲ್ಲಿ ಗಷ್ಟು ಬೇಗ ಇಳಿಯುತ್ತದೆಂದು ನೋಡುವ ಪರೀಕ್ಷೆಯೊಂದಿದೆ. ಹಾಳಾದ ಲಸಿಕೆಯಲ್ಲಿ ಕಣಗಳು ದಪ್ಪವಾಗಿರುವುದರಿಂದ ಗಷ್ಟು ಬೇಗ ತಳ ಸೇರುತ್ತದೆ. ಆದರೆ ಸಂಶಯವೇ ಬಾರದಿದ್ದರೆ ಪರೀಕ್ಷೆ ಮಾಡುವವರಾರು? ಬಹುಕಾಲ ತಾಪಮಾನವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಪುಸ್ತಕದಲ್ಲಿ ಬರೆಯುವುದಷ್ಟೇ ರೂಢಿಯಾಗಿತ್ತು. ನಡುರಾತ್ರಿ ರೆಫ್ರಿಜರೇಟರಿನೊಳಗೆ ಏನಾಯಿತೆಂಬುದು ಆ ಪುಸ್ತಕಕ್ಕೆ ತಿಳಿಯುತ್ತಿರಲಿಲ್ಲ.

ನಿರಂತರವಾಗಿ ತಾಪಮಾನವನ್ನು ದಾಖಲಿಸುವ ಇಲೆಕ್ಟ್ರಾನಿಕ್ ಸಾಧನಗಳು ಅಗ್ಗವಾದ ಮೇಲೆ ಚಿತ್ರ ಬದಲಾಯಿತು. ಜಗತ್ತಿನ ವಿವಿಧೆಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಪರಿಶೀಲಿಸಿದ ರೆಫ್ರಿಜರೇಟರುಗಳಲ್ಲೂ ಸಾಗಣೆಗಳಲ್ಲೂ ಶೇ 14ರಿಂದ 35ರಷ್ಟರಲ್ಲಿ ಲಸಿಕೆಗಳು ಹೆಪ್ಪುಗಟ್ಟುವ ತಾಪಕ್ಕೆ ಸಿಕ್ಕಿದ್ದನ್ನು ಕಂಡಿತು. ಭಾರತದ 10 ರಾಜ್ಯಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೂ ಲಸಿಕೆಗಳು ಅತಿ ಶಾಖಕ್ಕೂ ಶೂನ್ಯಕ್ಕಿಂತ ಕೆಳಗಿನ ತಂಪಿಗೂ ಪದೇ ಪದೇ ಒಡ್ಡಿಕೊಳ್ಳುತ್ತಿರುವುದನ್ನು ತೋರಿಸಿತು. ಶಾಖದ ಭಯದಿಂದ ರೆಫ್ರಿಜರೇಟರನ್ನು ಅತಿಯಾಗಿ ತಣಿಸುವುದು, ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ತುಸು ಕರಗಲು ಬಿಡದೆ ನೇರವಾಗಿ ಲಸಿಕೆಯ ಪೆಟ್ಟಿಗೆಗೆ ಇಡುವುದು ಇದಕ್ಕೆ ಮುಖ್ಯ ಕಾರಣಗಳಾಗಿದ್ದವು. ಐಸ್‌ಪ್ಯಾಕನ್ನು ಕಿವಿಯ ಬಳಿ ಅಲುಗಾಡಿಸಿ, ಒಳಗೆ ನೀರಿನ ಸದ್ದು ಕೇಳಿದ ಮೇಲಷ್ಟೇ ಬಳಸಬೇಕೆಂಬ ಪಾಠ ಇಂದು ತರಬೇತಿಯ ಭಾಗವಾಗಿದೆ. ಹೀಗೆ ವೈದ್ಯಕೀಯವು ಬಹಳ ಕಾಲ ಕಾಣದಿದ್ದ ಅಪಾಯವನ್ನು ಮಾಹಿತಿಯ ಸಾಧನ ಕಾಣಿಸಿಕೊಟ್ಟಿತು, ಅದರ ಪರಿಣಾಮ ಎಂಜಿನಿಯರುಗಳ ವಿನ್ಯಾಸದವರೆಗೂ ಹೋಯಿತು.

ಬ್ಯಾಟರಿಯನ್ನು ಬಿಟ್ಟ ಬಿಸಿಲು

ವಿದ್ಯುತ್ ಇಲ್ಲದ ಕಡೆಗಳಲ್ಲಿ ಹಿಂದೆ ಸೀಮೆಎಣ್ಣೆಯ ರೆಫ್ರಿಜರೇಟರುಗಳನ್ನು ಬಳಸುತ್ತಿದ್ದರು. ಬತ್ತಿ ಮಸಿ ಹಿಡಿಯುವ, ಎಣ್ಣೆ ತೀರಿದರೆ ನಿಂತುಹೋಗುವ ಆ ಯಂತ್ರಗಳಲ್ಲಿ ತಾಪಮಾನವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದು ದುಸ್ತರವಾಗಿತ್ತು. ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿಸುವ ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ 1954ರಲ್ಲಿ ತೋರಿಸಿತ್ತು. ಅದನ್ನು ಲಸಿಕೆಯ ರೆಫ್ರಿಜರೇಟರಿಗೆ ಜೋಡಿಸಿ ಅಭಿವೃದ್ಧಿಶೀಲ ದೇಶಗಳಲ್ಲಿ ಪರೀಕ್ಷಿಸುವ ಕೆಲಸ 1980ರ ದಶಕದ ಆರಂಭದಲ್ಲಿ ನಾಸಾದ ಲೂಯಿಸ್ ಸಂಶೋಧನಾ ಕೇಂದ್ರದ ನೆರವಿನಿಂದ ನಡೆಯಿತು. ಯಂತ್ರಗಳು ಕೆಲಸ ಮಾಡಿದವು, ಆದರೆ ವರ್ಷಗಳು ಕಳೆದಂತೆ ಹಲವು ಕಡೆ ನಿಂತುಹೋದವು, ಮತ್ತು ಬಹಳಷ್ಟು ಸಂದರ್ಭಗಳಲ್ಲಿ ತೊಂದರೆ ಇದ್ದದ್ದು ಫಲಕದಲ್ಲಲ್ಲ, ಬ್ಯಾಟರಿಯಲ್ಲಿ. ರಾತ್ರಿಗೂ ಮೋಡದ ದಿನಗಳಿಗೂ ವಿದ್ಯುತ್ತನ್ನು ಕೂಡಿಡುವ ಸೀಸ-ಆಮ್ಲದ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತಿತ್ತು, ಅದನ್ನು ಬದಲಿಸಲು ಯಾವ ಲೆಕ್ಕಶೀರ್ಷಿಕೆಯಲ್ಲೂ ಹಣ ಇರುತ್ತಿರಲಿಲ್ಲ, ಲಸಿಕೆಗೆಂದು ಇಟ್ಟ ವಿದ್ಯುತ್ತನ್ನು ದೀಪಕ್ಕೂ ಟಿವಿಗೂ ಎಳೆದುಕೊಳ್ಳುವುದೂ ನಡೆಯುತ್ತಿತ್ತು.

ಇದಕ್ಕೆ ಹೊಳೆದ ಪರಿಹಾರವೆಂದರೆ ವಿದ್ಯುತ್ತನ್ನು ಕೂಡಿಡುವ ಬದಲು ತಂಪನ್ನೇ ಕೂಡಿಡುವುದು. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗುವಾಗ ಸುತ್ತಲಿನಿಂದ ಹೀರಿಕೊಳ್ಳುವ ಶಾಖ ಸುಮಾರು 334 ಕಿಲೋಜೌಲ್. ಅಷ್ಟೇ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖಕ್ಕಿಂತ ಇದು ಹೆಚ್ಚುಕಡಿಮೆ 80 ಪಟ್ಟು. ಆದ್ದರಿಂದ ಹಗಲಿನಲ್ಲಿ ಬಿಸಿಲಿದ್ದಾಗ ಸಂಕೋಚಕ ಯಂತ್ರವು ರೆಫ್ರಿಜರೇಟರಿನ ಗೋಡೆಯೊಳಗಿನ ನೀರನ್ನು ಮಂಜುಗಡ್ಡೆಯಾಗಿಸಿದರೆ, ರಾತ್ರಿಯೂ ಮೋಡ ಕವಿದ ದಿನಗಳಲ್ಲೂ ಆ ಗಡ್ಡೆ ನಿಧಾನವಾಗಿ ಕರಗುತ್ತ ಒಳಗಿನ ತಂಪನ್ನು ಕಾಯುತ್ತದೆ. ಗ್ರೀನ್‌ಪೀಸ್, ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ, ಡ್ಯಾನಿಷ್ ತಂತ್ರಜ್ಞಾನ ಸಂಸ್ಥೆ ಮುಂತಾದವು ಸೇರಿ ಈ ಶತಮಾನದ ಆರಂಭದಲ್ಲಿ ಕೈಗೊಂಡ ಸೋಲಾರ್‌ಚಿಲ್ ಯೋಜನೆ ಈ ವಿಚಾರವನ್ನು ಯಂತ್ರವಾಗಿ ರೂಪಿಸಿತು. ಬ್ಯಾಟರಿಯಿಲ್ಲದೆ ಫಲಕದಿಂದ ನೇರವಾಗಿ ನಡೆಯುವ ಇಂತಹ ರೆಫ್ರಿಜರೇಟರುಗಳಿಗೆ 2010ರ ಸುಮಾರಿನಿಂದ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆಯತೊಡಗಿತು. ಬಿಸಿಲೇ ಇಲ್ಲದಿದ್ದರೂ ಕನಿಷ್ಠ ಮೂರು ದಿನ ಲಸಿಕೆಯನ್ನು ಸುರಕ್ಷಿತ ತಾಪದಲ್ಲಿ ಇಡಬೇಕೆಂಬುದು ಆ ಮಾನ್ಯತೆಯ ಒಂದು ಷರತ್ತು.

ಆದರೆ ಮಂಜುಗಡ್ಡೆಯ ಪಕ್ಕದಲ್ಲಿರುವ ಲಸಿಕೆ ಹೆಪ್ಪುಗಟ್ಟುವ ಅಪಾಯವೂ ಇದ್ದೇ ಇದೆ, ಮತ್ತು ಈ ಹೊತ್ತಿಗೆ ಆ ಅಪಾಯ ದಾಖಲೆಗಳಿಂದ ಸ್ಪಷ್ಟವಾಗಿತ್ತು. ಆದ್ದರಿಂದ ಎಂಜಿನಿಯರುಗಳು ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕಾಯಿತು: ಬಳಸುವವರು ಏನೂ ಎಚ್ಚರ ವಹಿಸದಿದ್ದರೂ ಲಸಿಕೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಹೇಗೆ? ಬ್ರಿಟನ್ನಿನ ವೇಲ್ಸ್‌ನಲ್ಲಿ ರೂಪುಗೊಂಡ, ಭಾರತದಲ್ಲಿ ಗೋದ್ರೆಜ್ ತಯಾರಿಸಿದ ಶ್ಯೂರ್‌ಚಿಲ್ ಎಂಬ ವಿನ್ಯಾಸವು ಇದಕ್ಕೆ ನೀರಿನ ಒಂದು ವಿಚಿತ್ರ ಗುಣವನ್ನು ಬಳಸಿಕೊಂಡಿತು. ನೀರಿಗೆ ಅತ್ಯಧಿಕ ಸಾಂದ್ರತೆ ಇರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಂಪಾದ ನೀರೂ ಮಂಜುಗಡ್ಡೆಯೂ ಮೇಲಕ್ಕೆ ಏರುತ್ತವೆ, 4 ಡಿಗ್ರಿಯ ಭಾರವಾದ ನೀರು ಕೆಳಗಿಳಿಯುತ್ತದೆ. ಲಸಿಕೆಯ ಕೋಣೆಯನ್ನು ಕೆಳಭಾಗದ ಈ ನೀರು ಆವರಿಸಿರುವಂತೆ ಮಾಡಿದರೆ, ಮೇಲೆ ಗಡ್ಡೆ ಇದ್ದರೂ ಲಸಿಕೆಯ ಸುತ್ತ ತಾಪ 4 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸೌರ ಫಲಕದ ದಕ್ಷತೆಯ ಲೆಕ್ಕವಷ್ಟನ್ನೇ ನೋಡಿದ್ದರೆ ಹುಟ್ಟದಿದ್ದ ವಿನ್ಯಾಸವಿದು; ಲಸಿಕೆಯ ಶಕ್ತಿ ಉಳಿಯಿತೇ ಎಂಬ ವೈದ್ಯಕೀಯದ ಅಳತೆಗೋಲು ಎಂಜಿನಿಯರುಗಳ ಕೈಗೆ ಬಂದುದರಿಂದ ಅದು ಸಾಧ್ಯವಾಯಿತು.

ಹತ್ತು ನಿಮಿಷಕ್ಕೊಮ್ಮೆ ಬರೆಯುವ ಲೆಕ್ಕ

ಒಂದು ರೆಫ್ರಿಜರೇಟರನ್ನು ಸರಿಯಾಗಿ ನಡೆಸುವುದು ಬೇರೆ, ದೇಶದಾದ್ಯಂತ ಹರಡಿರುವ ಸಾವಿರಾರು ರೆಫ್ರಿಜರೇಟರುಗಳಲ್ಲಿ ಏನಾಗುತ್ತಿದೆಯೆಂದು ತಿಳಿಯುವುದು ಬೇರೆ. ಭಾರತದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಸಹಕಾರದಿಂದ 2015ರಿಂದ ಹಂತ ಹಂತವಾಗಿ ಜಾರಿಗೆ ತಂದ ಇವಿನ್ ಎಂಬ ಜಾಲವು ಈ ಎರಡನೆಯ ಪ್ರಶ್ನೆಗೆ ಉತ್ತರ. ಇದರ ಹಿಂದಿನ ತಂತ್ರಾಂಶಕ್ಕೆ ಬೆಂಗಳೂರಿನ ಲಾಜಿಸ್ಟಿಮೊ ಎಂಬ ಸಂಸ್ಥೆಯ ಕೆಲಸ ಆಧಾರವಾಗಿತ್ತು. ಶೀತಲ ಸರಪಳಿಯ ಸಿಬ್ಬಂದಿ ಎಷ್ಟು ಸೀಸೆ ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬುದನ್ನು ಮೊಬೈಲ್ ಫೋನಿನಲ್ಲಿ ದಾಖಲಿಸುತ್ತಾರೆ. ರೆಫ್ರಿಜರೇಟರಿಗೆ ಜೋಡಿಸಿದ, ಸಿಮ್ ಇರುವ ಸಂವೇದಕವು ಹತ್ತು ನಿಮಿಷಕ್ಕೊಮ್ಮೆ ತಾಪಮಾನವನ್ನು ಬರೆದುಕೊಂಡು ಗಂಟೆಗೊಮ್ಮೆ ಸರ್ವರಿಗೆ ಕಳುಹಿಸುತ್ತದೆ. ತಾಪ ಮಿತಿ ದಾಟಿದರೆ ಸಂಬಂಧಪಟ್ಟವರ ಫೋನಿಗೆ ಎಚ್ಚರಿಕೆಯ ಸಂದೇಶ ಹೋಗುತ್ತದೆ. ದಿನಕ್ಕೆ ಎರಡು ಸಲ ಬರೆಯುತ್ತಿದ್ದ ಕಡೆ ಈಗ 144 ದಾಖಲೆಗಳು ಸಿಗುತ್ತವೆ. ಒಂದು ಕೇಂದ್ರದಲ್ಲಿ ಲಸಿಕೆ ಮುಗಿಯುತ್ತಿರುವಾಗ ಪಕ್ಕದ ಕೇಂದ್ರದಲ್ಲಿ ಅದೇ ಲಸಿಕೆ ಅವಧಿ ಮೀರುತ್ತ ಕುಳಿತಿರುವಂತಹ ಅಸಂಗತಿಯನ್ನು ಜಿಲ್ಲೆಯ ಅಧಿಕಾರಿ ಒಂದೇ ಪರದೆಯಲ್ಲಿ ಕಂಡು ಸರಿಪಡಿಸಬಹುದು. ಕೋವಿಡ್ ಲಸಿಕೆಯ ಸಂದರ್ಭದಲ್ಲಿ ಕೋವಿನ್ ವ್ಯವಸ್ಥೆಯನ್ನು ಕಟ್ಟುವಾಗ ಇದೇ ಜಾಲ ಅಡಿಪಾಯವಾಯಿತು.

ಈ ದಾಖಲೆಗಳಿಂದ ಇನ್ನೊಂದು ಪ್ರಯೋಜನವೂ ಇದೆ. ತಾಪಮಾನದ ರೇಖೆಯು ಯಾವ ಕೇಂದ್ರದಲ್ಲಿ ಎಷ್ಟು ಹೊತ್ತು ವಿದ್ಯುತ್ ಹೋಗಿತ್ತೆಂಬುದರ ಸುಳಿವನ್ನೂ ನೀಡುವುದರಿಂದ, ಸೌರ ಸಾಧನ ನಿಜವಾಗಿ ಎಲ್ಲಿ ಬೇಕು ಎಂಬುದನ್ನು ಊಹೆಯ ಬದಲು ಸಾಕ್ಷ್ಯದಿಂದ ನಿರ್ಧರಿಸಲು ಸಾಧ್ಯ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಬೃಹತ್ ಸೌರ ಉದ್ಯಾನವಿದೆ, ಆದರೆ ಅಲ್ಲಿನ ವಿದ್ಯುತ್ ರಾಜ್ಯದ ಜಾಲಕ್ಕೆ ಸೇರುತ್ತದೆ. ಮಳೆಗಾಲದಲ್ಲಿ ತಂತಿ ಹರಿದ ಊರಿನ ಆರೋಗ್ಯ ಕೇಂದ್ರಕ್ಕೆ ಆ ಮೆಗಾವ್ಯಾಟುಗಳಿಗಿಂತ ತನ್ನ ಮಾಳಿಗೆಯ ಮೇಲಿನ ಕೆಲವು ಫಲಕಗಳೇ ಆಸರೆ. ಒಟ್ಟು ಉತ್ಪಾದನೆಯ ಅಂಕಿಯು ಕಟ್ಟಕಡೆಯ ಕೇಂದ್ರದ ಸ್ಥಿತಿಯನ್ನು ಹೇಳುವುದಿಲ್ಲ.

ಜೀವಗಳ ಲೆಕ್ಕದಲ್ಲಿ ಸೌರಶಕ್ತಿ

ಸೌರ ವಿದ್ಯುತ್ತಿನಿಂದ ಚಿಕಿತ್ಸೆ ಉತ್ತಮವಾಗುತ್ತದೆಯೆಂದು ಹೇಳುವುದು ಸುಲಭ, ಸಾಬೀತುಪಡಿಸುವುದು ಕಷ್ಟ. ಛತ್ತೀಸಗಡದಲ್ಲಿ ಸರ್ಕಾರವು ನೂರಾರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೌರ ವ್ಯವಸ್ಥೆ ಅಳವಡಿಸಿದ ಮೇಲೆ, ದೆಹಲಿಯ ಸಿಇಇಡಬ್ಲ್ಯು ಎಂಬ ಅಧ್ಯಯನ ಸಂಸ್ಥೆ ಅಲ್ಲಿನ 147 ಕೇಂದ್ರಗಳನ್ನು ಸಮೀಕ್ಷೆ ಮಾಡಿ 2017ರಲ್ಲಿ ವರದಿ ನೀಡಿತು. ವಿದ್ಯುತ್ ಕೊರತೆಯಿದ್ದೂ ಸೌರ ವ್ಯವಸ್ಥೆಯಿಲ್ಲದ ಕೇಂದ್ರಗಳಿಗೆ ಹೋಲಿಸಿದರೆ ಸೌರ ವ್ಯವಸ್ಥೆಯಿದ್ದ ಕೇಂದ್ರಗಳಲ್ಲಿ ಒಳರೋಗಿಗಳು ಶೇ 50ಕ್ಕಿಂತ ಹೆಚ್ಚಿದ್ದರು, ಹೆರಿಗೆಗಳು ಸುಮಾರು ಎರಡು ಪಟ್ಟು ನಡೆದಿದ್ದವು. ಇದು ಭರವಸೆಯ ಫಲಿತಾಂಶ. ಆದರೆ ಇಂತಹ ಹೋಲಿಕೆಯಲ್ಲಿ ಒಂದು ತೊಡಕಿರುತ್ತದೆ. ಉತ್ತಮ ವೈದ್ಯರೋ ಉತ್ತಮ ರಸ್ತೆಯೋ ಇರುವ ಕೇಂದ್ರಗಳಿಗೇ ಸೌರ ಫಲಕಗಳೂ ಮೊದಲು ಬಂದಿದ್ದರೆ, ವ್ಯತ್ಯಾಸಕ್ಕೆ ಕಾರಣ ಬಿಸಿಲೇ ಎಂದು ಖಚಿತವಾಗಿ ಹೇಳಲಾಗದು.

ಈ ತೊಡಕನ್ನು ದಾಟಲು ವೈದ್ಯಕೀಯ ಸಂಶೋಧನೆಯು ಚೀಟಿ ಎತ್ತುವಂತಹ ಯಾದೃಚ್ಛಿಕ ಆಯ್ಕೆಯನ್ನು ಬಳಸುತ್ತದೆ. ಉಗಾಂಡಾ ದೇಶದಲ್ಲಿ ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರೂ ಸ್ಥಳೀಯ ವೈದ್ಯರೂ ಕೂಡಿ ನಡೆಸಿದ ಆಮ್ಲಜನಕದ ಪ್ರಯೋಗ ಇದಕ್ಕೆ ಉತ್ತಮ ನಿದರ್ಶನ. ನ್ಯುಮೋನಿಯಾದಂತಹ ರೋಗದಲ್ಲಿ ಮಗುವಿನ ರಕ್ತದ ಆಮ್ಲಜನಕ ಕುಸಿದಾಗ ತಕ್ಷಣ ಆಮ್ಲಜನಕ ನೀಡಬೇಕು; ಸಿಲಿಂಡರುಗಳನ್ನು ದೂರದಿಂದ ತರಿಸಬೇಕಾಗುತ್ತದೆ, ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸುವ ಸಾಂದ್ರಕ ಯಂತ್ರಕ್ಕೆ ನಿರಂತರ ವಿದ್ಯುತ್ ಬೇಕಾಗುತ್ತದೆ. ಈ ಯಂತ್ರದೊಳಗಿನ ಜಿಯೋಲೈಟ್ ಎಂಬ ರಂಧ್ರಮಯ ಖನಿಜವು ಒತ್ತಡದಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಲಸಿಕೆಯ ತಂಪನ್ನು ಗಡ್ಡೆಯಲ್ಲಿ ಕೂಡಿಡಬಹುದು, ಆದರೆ ರಾತ್ರಿಯಿಡೀ ಉಸಿರಾಟಕ್ಕೆ ಬೇಕಾದ ವಿದ್ಯುತ್ತಿಗೆ ಇಲ್ಲಿ ಬ್ಯಾಟರಿ ಅನಿವಾರ್ಯ.

ಸಂಶೋಧಕರು 20 ಆಸ್ಪತ್ರೆಗಳನ್ನು ಆರಿಸಿ, ಯಾವ ಆಸ್ಪತ್ರೆಗೆ ಯಾವಾಗ ಸೌರ ಆಮ್ಲಜನಕದ ವ್ಯವಸ್ಥೆ ಬರಬೇಕೆಂಬ ಸರದಿಯನ್ನು ಯಾದೃಚ್ಛಿಕವಾಗಿ ನಿರ್ಧರಿಸಿದರು. ಮೆಟ್ಟಿಲು ವಿನ್ಯಾಸ ಎನ್ನಬಹುದಾದ ಈ ವಿಧಾನದಲ್ಲಿ ಕೊನೆಗೆ ಎಲ್ಲ ಆಸ್ಪತ್ರೆಗಳಿಗೂ ಸೌಲಭ್ಯ ಸಿಗುತ್ತದೆ, ಯಾರನ್ನೂ ಶಾಶ್ವತವಾಗಿ ವಂಚಿತರನ್ನಾಗಿ ಇಡಬೇಕಾಗಿಲ್ಲ. ಪ್ರತಿ ಹಂತದಲ್ಲೂ ಸೌಲಭ್ಯ ಪಡೆದ ಮತ್ತು ಇನ್ನೂ ಕಾಯುತ್ತಿರುವ ಆಸ್ಪತ್ರೆಗಳನ್ನು ಹೋಲಿಸಬಹುದಾದುದರಿಂದ, ಕಾಲಕ್ರಮದಲ್ಲಿ ತಾನಾಗಿ ಆಗುವ ಸುಧಾರಣೆಯನ್ನು ಸೌರಶಕ್ತಿಯ ಖಾತೆಗೆ ಜಮೆ ಮಾಡುವ ತಪ್ಪೂ ತಪ್ಪುತ್ತದೆ. ಐದು ವರ್ಷದೊಳಗಿನ 2,409 ಮಕ್ಕಳನ್ನು ಒಳಗೊಂಡ ಈ ಪ್ರಯೋಗದ ಫಲಿತಾಂಶ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು: ದಾಖಲಾದ ಮೊದಲ 48 ಗಂಟೆಗಳಲ್ಲಿ ಸಾವಿನ ಸಂಭವ ಸುಮಾರು ಶೇ 49ರಷ್ಟು ಇಳಿದಿತ್ತು. ಈ ಅಂಕಿ ಸಾಪೇಕ್ಷವಾದುದು, ಅಂದರೆ ನೂರು ಮಕ್ಕಳಲ್ಲಿ 49 ಮಂದಿ ಹೆಚ್ಚುವರಿಯಾಗಿ ಉಳಿದರೆಂದಲ್ಲ, ಸಂಭವಿಸಬಹುದಾಗಿದ್ದ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಪ್ಪಿದವೆಂದು ಅರ್ಥ. ಹಾಗೆ ಓದಿದರೂ, ಫಲಕ ಮತ್ತು ಬ್ಯಾಟರಿಗಳ ಸಾಧನೆಯನ್ನು ಕಿಲೋವ್ಯಾಟ್-ಗಂಟೆಗಳ ಬದಲು ಮಕ್ಕಳ ಜೀವಗಳಲ್ಲಿ ಅಳೆದು ತೋರಿಸಿದ ಅಪರೂಪದ ಅಧ್ಯಯನವಿದು.

ಅದೇ ಉಗಾಂಡಾದಲ್ಲಿ ಅದೇ ಮೆಟ್ಟಿಲು ವಿನ್ಯಾಸದಿಂದ ನಡೆದ ಇನ್ನೊಂದು ಪ್ರಯೋಗ ಇದಕ್ಕೆ ಬೇಕಾದ ಎಚ್ಚರವನ್ನು ಕಲಿಸುತ್ತದೆ. ಲಾರಾ ಸ್ಟೇಚೆಲ್ ಎಂಬ ಅಮೆರಿಕದ ಪ್ರಸೂತಿ ತಜ್ಞೆ 2008ರಲ್ಲಿ ನೈಜೀರಿಯಾದ ಆಸ್ಪತ್ರೆಯೊಂದರ ಕತ್ತಲೆಯನ್ನು ಕಂಡ ಮೇಲೆ ಪತಿಯೊಡನೆ ಸೇರಿ ರೂಪಿಸಿದ, ಪೆಟ್ಟಿಗೆಯೊಂದರಲ್ಲಿ ಹಿಡಿಸುವ ಸೌರ ದೀಪ ವ್ಯವಸ್ಥೆಯನ್ನು 30 ಹೆರಿಗೆ ಕೇಂದ್ರಗಳಲ್ಲಿ ಪರೀಕ್ಷಿಸಲಾಯಿತು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಹೆರಿಗೆ ಕೋಣೆಯ ಬೆಳಕು ಗಣನೀಯವಾಗಿ ಸುಧಾರಿಸಿತು, ಆರೈಕೆಯಲ್ಲಿನ ವಿಳಂಬವೂ ಕಡಿಮೆಯಾಯಿತು, ಆದರೆ ಆರೈಕೆಯ ಗುಣಮಟ್ಟದಲ್ಲಿ ಕಂಡ ಏರಿಕೆ ಚಿಕ್ಕದು. ದೀಪವಿದ್ದರೂ ಸಿಬ್ಬಂದಿಯ ತರಬೇತಿ, ಔಷಧಿ, ಸಲಕರಣೆಗಳ ಕೊರತೆಗಳು ತಾವಾಗಿ ನೀಗುವುದಿಲ್ಲ. ಎಂಜಿನಿಯರುಗಳ ಲೆಕ್ಕದಲ್ಲಿ ಪೂರ್ಣ ಯಶಸ್ಸಾದ ಸಾಧನವು ವೈದ್ಯಕೀಯದ ಲೆಕ್ಕದಲ್ಲಿ ಅರೆ ಯಶಸ್ಸಾಗಬಹುದು, ಮತ್ತು ಅದನ್ನು ತಿಳಿಯುವುದಕ್ಕೆ ಎರಡೂ ಲೆಕ್ಕಗಳನ್ನು ಒಟ್ಟಿಗೆ ಇಡಬೇಕು.

ಉಳಿಸಿಕೊಳ್ಳುವ ಪ್ರಶ್ನೆ

ಸಾಧನವನ್ನು ಅಳವಡಿಸಿದ ದಿನದ ಸ್ಥಿತಿಗಿಂತ ಐದು ವರ್ಷಗಳ ನಂತರದ ಸ್ಥಿತಿಯೇ ಅದರ ನಿಜವಾದ ಪರೀಕ್ಷೆ ಎಂಬುದು 1980ರ ದಶಕದ ಬ್ಯಾಟರಿಗಳು ಕಲಿಸಿದ ಪಾಠ. ಸೌರಶಕ್ತಿಯ ವಿಷಯದಲ್ಲಿ ಅಮೆರಿಕದಲ್ಲಿ ಸಂಶೋಧನೆ ಮಾಡಿ ಬಂದ ಹರೀಶ್ ಹಂದೆಯವರು 1995ರಲ್ಲಿ ಬೆಂಗಳೂರಿನಲ್ಲಿ ಸಹಸ್ಥಾಪಿಸಿದ ಸೆಲ್ಕೊ ಸಂಸ್ಥೆಯು ಕರ್ನಾಟಕದ ಹಳ್ಳಿಗಳಲ್ಲಿ ಫಲಕದ ಜೊತೆಗೆ ದುರಸ್ತಿ ಸೇವೆಯನ್ನೂ ಹತ್ತಿರದಲ್ಲೇ ಒದಗಿಸುವ ಕ್ರಮವನ್ನು ಬೆಳೆಸಿದ್ದು ಇದೇ ಅರಿವಿನಿಂದ. ಅದರ ಸೋದರ ಸಂಸ್ಥೆಯಾದ ಸೆಲ್ಕೊ ಪ್ರತಿಷ್ಠಾನವು ಆರೋಗ್ಯ ಸಚಿವಾಲಯ ಮತ್ತು ಐಕಿಯ ಪ್ರತಿಷ್ಠಾನದೊಡನೆ 12 ರಾಜ್ಯಗಳ 25,000 ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಒದಗಿಸುವ ಗುರಿಯ ಕಾರ್ಯಕ್ರಮವನ್ನು 2022ರಲ್ಲಿ ಆರಂಭಿಸಿತು. ಇಷ್ಟು ದೊಡ್ಡ ಪ್ರಮಾಣದಲ್ಲಿ ಕೆಟ್ಟ ಇನ್ವರ್ಟರನ್ನೂ ಸೋತ ಬ್ಯಾಟರಿಯನ್ನೂ ದೂರದಿಂದಲೇ ಗುರುತಿಸುವ ಮಾಹಿತಿ ಜಾಲವು ಫಲಕದಷ್ಟೇ ಅಗತ್ಯ.

ಆದರೆ ಮಾಹಿತಿಗೂ ಮಿತಿಯಿದೆ. ರೆಫ್ರಿಜರೇಟರು ಬಿಸಿಯಾಗುತ್ತಿದೆಯೆಂಬ ಸಂದೇಶ ಫೋನಿಗೆ ಬಂದಾಗ ಮೆಕ್ಯಾನಿಕ್ಕನ್ನು ಕರೆಸುವ ಅಧಿಕಾರವೂ ಅವರಿಗೆ ಕೊಡಲು ಹಣವೂ ಆ ಕೇಂದ್ರದಲ್ಲಿ ಇಲ್ಲದಿದ್ದರೆ, ಸಂದೇಶವು ಹಾನಿಯನ್ನು ತಡೆಯುವುದಿಲ್ಲ, ಹಾನಿಯ ಹೊತ್ತನ್ನು ನಮೂದಿಸುತ್ತದೆ ಅಷ್ಟೆ. ಆದ್ದರಿಂದ ಮುಂದಿನ ಸಂಶೋಧನೆಯು ಎಷ್ಟು ಫಲಕಗಳನ್ನು ಕೂರಿಸಲಾಯಿತು, ಎಷ್ಟು ಸಂದೇಶಗಳು ಹೋದವು ಎಂಬ ಎಣಿಕೆಯಲ್ಲಿ ನಿಲ್ಲದೆ, ಎಚ್ಚರಿಕೆ ಬಂದ ಎಷ್ಟು ಗಂಟೆಗಳಲ್ಲಿ ದುರಸ್ತಿಯಾಯಿತು, ಆ ಅವಧಿಯಲ್ಲಿ ಎಷ್ಟು ಲಸಿಕೆ ಉಳಿಯಿತು, ಎಷ್ಟು ಮಕ್ಕಳಿಗೆ ಆಮ್ಲಜನಕ ತಡವಿಲ್ಲದೆ ಸಿಕ್ಕಿತು ಎಂಬುದನ್ನು ಒಂದೇ ಕೋಷ್ಟಕದಲ್ಲಿ ಇಡಬೇಕಾಗಿದೆ. ಅಂತಹ ಕೋಷ್ಟಕವನ್ನು ವೈದ್ಯರಾಗಲಿ ಎಂಜಿನಿಯರುಗಳಾಗಲಿ ತಂತ್ರಾಂಶ ತಜ್ಞರಾಗಲಿ ಒಬ್ಬೊಬ್ಬರೇ ತುಂಬಲಾರರು. ಅದರಲ್ಲಿ ದುರಸ್ತಿಯ ಖರ್ಚಿಗೂ ಒಂದು ಅಂಕಣವಿರಬೇಕು, ಮತ್ತು ಅದನ್ನು ತುಂಬಬೇಕಾದವರು ಪ್ರತಿ ವರ್ಷ ಆಯವ್ಯಯ ಬರೆಯುವ ಸರ್ಕಾರಗಳು.